ಪಿಕಪ್ ಮೇಲಿನ ಕ್ಯಾಂಪರ್ ಪೆಟ್ಟಿಗೆಗೆ ಗಾಲಿ ಟ್ರಾಲಿ: ಶೆಡ್ ಶಟರ್ 7 ಅಡಿ, ಒಳಗೆ ತಳ್ಳುವುದು ಹೇಗೆ?

ನರ್ಸರಿ ಪಿಕಪ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಬೊಲೆರೊ ಪಿಕಪ್ ವಾರವೆಲ್ಲಾ ಅಡಿಕೆ ಸಸಿ ಹೊರುತ್ತದೆ. ರಜೆ ಸಿಕ್ಕಾಗ ಅದರ ಮೇಲೆ ಮಲಗುವ ಪೆಟ್ಟಿಗೆ ಕೂರಿಸಿಕೊಂಡು ಮನೆಮಂದಿ ಹೊರಡೋಣ ಅಂತ ಒಂದು ಕ್ಯಾಂಪರ್ ಮಾಡಿಸಿದ್ದೇನೆ. 2022ರಲ್ಲಿ ಮಾರಿ ಕಣಿವೆ ಜಲಾಶಯ ಕೋಡಿ ಬಿದ್ದಾಗ ನೋಡಲು ಹೋಗಿದ್ದೆವು. 1933ರ ನಂತರ ಅದೇ ಮೊದಲು, ಜನ ಬರದೆ ಇರುತ್ತಾರಾ? ಹಿರಿಯೂರಿನಲ್ಲಿ ರೂಮು ಸಿಗದೆ ರಾತ್ರಿಯೇ ವಾಪಸ್ ಬಂದೆವು. ಈ ಹುಚ್ಚು ಹಿಡಿದಿದ್ದು ಆಗಲೇ.

ಪೆಟ್ಟಿಗೆ 8½ ಅಡಿ ಉದ್ದ, 5¼ ಅಡಿ ಅಗಲ, 6 ಅಡಿ 4 ಇಂಚು ಎತ್ತರ ಇದೆ. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಹೊರಗೆ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟು, ಒಳಗೆ ಪ್ಲೈವುಡ್. ನಾಲ್ಕು ಮೂಲೆಗೂ ಕಾಲುಗಳಿವೆ. ಟ್ರ್ಯಾಕ್ಟರ್ ಟ್ರೇಲರಿಗೆ ಹಾಕುವ ತಿರುಪಿನ ಜಾಕಿಗಳೇ ಅವು. ಹ್ಯಾಂಡಲ್ ತಿರುಗಿಸಿದರೆ ಪೆಟ್ಟಿಗೆ ಮೇಲೇಳುತ್ತದೆ, ಪಿಕಪ್ ಮುಂದೆ ತೆಗೆದುಕೊಂಡು ಹೋಗಬಹುದು. ಅಲ್ಲಿಯವರೆಗೆ ಎಲ್ಲಾ ಸರಿ.

ತೊಂದರೆ ಇಲ್ಲಿಂದ ಶುರು. ಪೆಟ್ಟಿಗೆ ಇಡಬೇಕಾದ ಶೆಡ್ಡಿನ ಶಟರ್ 7 ಅಡಿ. ಶೆಡ್ಡಿನ ನೆಲಕ್ಕೆ ಶಹಾಬಾದ್ ಕಲ್ಲು ಹಾಕಿಸಿದೆ. ಹೊರಗೆ ಕಾಂಕ್ರೀಟ್ ಅಂಗಳ, ಚರಂಡಿ ಕಡೆ ಸ್ವಲ್ಪ ಇಳಿಜಾರು. ಶೆಡ್ಡಿನ ನೆಲ ಅಂಗಳಕ್ಕಿಂತ 2 ಇಂಚು ಎತ್ತರ. ಕೆಳಗೆ ಒಂದು ಗಾಲಿ ಟ್ರಾಲಿ ಮಾಡಿಸಿ, ಅದರ ಮೇಲೆ ಪೆಟ್ಟಿಗೆ ಇಳಿಸಿ, ಒಳಗೆ ತಳ್ಳಿ ಶಟರ್ ಎಳೆಯಬೇಕು. ಎಂಥ ಗಾಲಿ, ಎಂಥ ಕಬ್ಬಿಣ, ಎಷ್ಟು ಎತ್ತರ? ಮಾಡಿದವರು ಹೇಳಿ.

ಬೆಣ್ಣೆ ಖಾಲಿ (ದಾವಣಗೆರೆ)

ಶೆಡ್ಡಿನ ಶಟರೇ ಎತ್ತರ ಮಾಡಿಸು ಗುರು. ಕಥೆ ಮುಗೀತು.

ನರ್ಸರಿ ಪಿಕಪ್ (ದಾವಣಗೆರೆ)

ಶಟರ್ ಮೇಲೆ ಲಿಂಟಲ್, ಲಿಂಟಲ್ ಮೇಲೆ ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ನಮ್ಮಮ್ಮನ ತುಳಸಿ ಕಟ್ಟೆ. ನೀವೇ ಬಂದು ಅಮ್ಮನ ಹತ್ತಿರ ಮಾತಾಡಿ ಅಣ್ಣಾ.

ಡೆನ್ವರ್ ದಾವಣಗೆರೆ (ಅಮೆರಿಕ)

ನಾನು ಓದಿದ್ದು ದಾವಣಗೆರೆಯ ಬಿಐಇಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ಇರುವುದು ಇಲ್ಲಿ. ಇಲ್ಲಿ ಪಿಕಪ್ ಇಟ್ಟುಕೊಂಡವರಲ್ಲಿ ಎಷ್ಟೋ ಜನಕ್ಕೆ ಇಂಥ ಪೆಟ್ಟಿಗೆ ಮನೆ ಇದೆ. ಸಣ್ಣದು ಅರ್ಧ ಟನ್, ದೊಡ್ಡವು ಒಂದೂವರೆ ಟನ್ ದಾಟುತ್ತವೆ. ಮೂಲೆಗೊಂದು ಜಾಕಿ ಇಲ್ಲಿಯೂ ಮಾಮೂಲಿ. ಕರೆಂಟಿನ ಜಾಕಿಗಳೂ ಇವೆ, ಬಟನ್ ಒತ್ತಿದರೆ ನಾಲ್ಕೂ ಒಟ್ಟಿಗೆ ಏಳುತ್ತವೆ.

ಬೇಸಿಗೆ ಮುಗಿದ ಮೇಲೆ ಪೆಟ್ಟಿಗೆಯನ್ನು ಜಾಕಿ ಮೇಲೆ ಎತ್ತರದಲ್ಲೇ ಬಿಡಬಾರದು. ಆದಷ್ಟು ಕೆಳಗೆ ಇಳಿಸಿ ಯಾವುದಾದರೂ ಗಟ್ಟಿ ಆಸರೆಯ ಮೇಲೆ ಕೂರಿಸಬೇಕು. ಗ್ಯಾರೇಜ್ ಇರುವವರು ದಪ್ಪ ಮರದ ತೊಲೆಗಳನ್ನು ಜೋಡಿಸಿ, ಕೆಳಗೆ ನಾಲ್ಕೋ ಆರೋ ಗಾಲಿ ಹಾಕಿ ತಾವೇ ಟ್ರಾಲಿ ಮಾಡಿಕೊಳ್ಳುತ್ತಾರೆ. ಆದರೆ ಇಲ್ಲಿನ ಗ್ಯಾರೇಜ್ ನೆಲ ಒಂದೇ ಸಮ ನುಣುಪು ಕಾಂಕ್ರೀಟ್. ಅದನ್ನೇ ನೋಡಿಕೊಂಡು ನಿಮ್ಮ ಶಹಾಬಾದ್ ಕಲ್ಲಿನ ಮೇಲೆ ಮಾಡಲು ಹೋಗಬೇಡಿ.

ಲೇತ್ ತಾತ (ಹರಿಹರ)

ಮೊದಲು ತೂಕ ಹೇಳು ತಮ್ಮಾ. ತೂಕ ಗೊತ್ತಿಲ್ಲದೆ ಗಾಲಿ ಕೊಳ್ಳುವುದು ಕಣ್ಣು ಕಟ್ಟಿಕೊಂಡು ಸಂತೆಗೆ ಹೋದ ಹಾಗೆ.

ಎಪಿಎಂಸಿ ಹತ್ತಿರ ಗಾಡಿ ತೂಕ ಹಾಕುವ ವೇ ಬ್ರಿಜ್ ಇರುತ್ತದೆ. ಮೆಕ್ಕೆಜೋಳದ ಲಾರಿಗಳು ಸಾಲು ನಿಲ್ಲುವ ಹೊತ್ತಿಗೆ ಹೋಗಬೇಡ, ಬೈಸಿಕೊಳ್ಳುತ್ತೀಯ. ಬಿಡುವಿದ್ದಾಗ ಹೋಗಿ ಎರಡು ತೂಕ ಹಾಕಿಸು. ಒಂದು ಇಡೀ ಗಾಡಿ, ಇನ್ನೊಂದು ಮುಂದಿನ ಎರಡು ಚಕ್ರ ಮಾತ್ರ. ಪೆಟ್ಟಿಗೆ ಇಲ್ಲದೆ ಒಮ್ಮೆ, ಪೆಟ್ಟಿಗೆ ಕೂರಿಸಿಕೊಂಡು ಒಮ್ಮೆ. ಎರಡರ ವ್ಯತ್ಯಾಸ ಹಿಡಿದರೆ ಪೆಟ್ಟಿಗೆ ಎಷ್ಟು ಭಾರ, ಆ ಭಾರ ಎಲ್ಲಿ ಕೂತಿದೆ, ಎರಡೂ ಸಿಗುತ್ತವೆ. ಪೆಟ್ಟಿಗೆ ಬಾಡಿಯಲ್ಲಿ ಎಲ್ಲಿ ಕೂರುತ್ತದೋ ಅಲ್ಲಿ ಚಾಕ್ ಗುರುತು ಹಾಕು, ಮತ್ತೆ ಅಲ್ಲೇ ಕೂರಿಸಬೇಕು.

ಆಮೇಲೆ ಮಾತಾಡೋಣ.

ನರ್ಸರಿ ಪಿಕಪ್ (ದಾವಣಗೆರೆ)

ಹಾಕಿಸಿಕೊಂಡು ಬಂದೆ ತಾತ. ಪೆಟ್ಟಿಗೆ ಕೂತಾಗ ಒಟ್ಟು 520 ಕೆಜಿ ಜಾಸ್ತಿ ಬಂತು. ಅದರಲ್ಲಿ ಮುಂದಿನ ಚಕ್ರಕ್ಕೆ 90, ಉಳಿದ 430 ಹಿಂದಿನದಕ್ಕೆ. ನೀರಿನ ಟ್ಯಾಂಕು ಖಾಲಿ ಇತ್ತು. ತುಂಬಿದರೆ 60 ಲೀಟರ್. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿದರೆ 3.15 ಮೀಟರ್.

ಲೇತ್ ತಾತ (ಹರಿಹರ)

ಒಳ್ಳೆಯದು. 90ನ್ನು 520ರಿಂದ ಭಾಗಿಸು, 3.15ರಿಂದ ಗುಣಿಸು. 0.54 ಮೀಟರ್ ಚಿಲ್ಲರೆ. ಅಂದರೆ ಹಿಂದಿನ ಆಕ್ಸಲ್‌ನಿಂದ ಮುಂದಕ್ಕೆ 54 ಸೆಂಟಿಮೀಟರ್ ದೂರದಲ್ಲಿ ಪೆಟ್ಟಿಗೆಯ ಭಾರದ ನಡು ಇದೆ. ಆ ಜಾಗವನ್ನು ಪೆಟ್ಟಿಗೆಯ ಪಕ್ಕಕ್ಕೆ ಬಣ್ಣದಲ್ಲಿ ಗೆರೆ ಎಳೆದು ಇಡು. ಟ್ರಾಲಿಯ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಸರಿಯಾಗಿ ನಡುವೆ ಆ ಗೆರೆ ಬರಬೇಕು.

ಈಗ ಗಾಲಿ. ನೀರು ಸೇರಿ 580, ಟ್ರಾಲಿಯ ಸ್ವಂತ ತೂಕ 120 ಇಟ್ಟುಕೋ. ಒಟ್ಟು 700. ಅಂಗಡಿಯವನು 700ನ್ನು ನಾಲ್ಕರಿಂದ ಭಾಗಿಸಿ 175 ಕೆಜಿ ಗಾಲಿ ಸಾಕು ಅನ್ನುತ್ತಾನೆ. ಕೇಳಬೇಡ. ಮೂರರಿಂದ ಭಾಗಿಸು. ನೆಲ ಎಷ್ಟೇ ಮಟ್ಟ ಇರಲಿ, ಗಟ್ಟಿ ಚೌಕಟ್ಟಿಗೆ ನಾಲ್ಕು ಗಾಲಿ ಹಾಕಿದರೆ ಒಂದಲ್ಲ ಒಂದು ಹೊತ್ತಿಗೆ ಒಂದು ಗಾಲಿ ಗಾಳಿಯಲ್ಲಿರುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ತಳ, ಅಂದರೆ ಬೆಡ್, ಮಟ್ಟ ಮಾಡುವಾಗ ನಾವು ಮೊದಲು ಮೂರು ಕಾಲಿನ ಮೇಲೆ ಮಟ್ಟ ಹಿಡಿಯುತ್ತಿದ್ದೆವು. ಉಳಿದ ಕಾಲುಗಳನ್ನು ಆಮೇಲೆ ಸುಮ್ನೆ ತಾಗುವಷ್ಟು ಬಿಗಿ ಮಾಡುತ್ತಿದ್ದೆವು. ಬಲವಂತವಾಗಿ ನಾಲ್ಕನೆಯದನ್ನು ಬಿಗಿದರೆ ಬೀಡು ಕಬ್ಬಿಣದ ಬೆಡ್ಡೇ ತಿರುಚಿಕೊಳ್ಳುತ್ತಿತ್ತು. ಇನ್ನು ನಿನ್ನ ಪೈಪು ಯಾವ ಲೆಕ್ಕ.

700ನ್ನು ಮೂರರಿಂದ ಭಾಗಿಸಿದರೆ 233. ಹಾಗಾಗಿ ಒಂದೊಂದೂ 300 ಕೆಜಿ ತಡೆಯುವ ಗಾಲಿ. ಅದಕ್ಕಿಂತ ಕಡಿಮೆ ಬೇಡ.

10 ಗೇಜ್ (ದಾವಣಗೆರೆ)

ತಾತ ಹೇಳಿದ ಮೂರರ ಲೆಕ್ಕ ಒಪ್ಪಿದೆ. ನಾನು ಕರೂರು ಕೈಗಾರಿಕಾ ಪ್ರದೇಶದಲ್ಲಿ ಫ್ಯಾಬ್ರಿಕೇಷನ್ ಮಾಡುತ್ತೇನೆ. 50 ಎಂಎಂ ಚೌಕ ಪೈಪು, 3 ಎಂಎಂ ದಪ್ಪದ್ದು ತಂದು ಆಯತ ಮಾಡಿ, ಕೆಳಗೆ 6 ಇಂಚಿನ ಗಾಲಿ ಹಾಕಿ. ಒಂದು ದಿನದ ಕೆಲಸ.

ಲೇತ್ ತಾತ (ಹರಿಹರ)

10 ಗೇಜ್, ಎತ್ತರದ ಲೆಕ್ಕ ಹಾಕಿದೆಯಾ? 6 ಇಂಚಿನ ತಿರುಗುವ ಗಾಲಿಯ ಒಟ್ಟು ಎತ್ತರ ಪ್ಲೇಟು ಸೇರಿ 190 ಎಂಎಂ ಮೇಲೆಯೇ ಬರುತ್ತದೆ. ಅದರ ಮೇಲೆ 50 ಪೈಪು, ಅದರ ಮೇಲೆ ಹಲಗೆ. 26 ಸೆಂಟಿಮೀಟರ್ ಆಯಿತು. ಪೆಟ್ಟಿಗೆ 6 ಅಡಿ 4 ಇಂಚು. ಒಟ್ಟು 7 ಅಡಿ 2 ಇಂಚು. ಶಟರಿಗೆ ಹೊಡೆಯುತ್ತದೆ.

ಚೌಕಟ್ಟು ಗಾಲಿಯ ಮೇಲೆ ಕೂರಬಾರದು, ಗಾಲಿಗಳ ನಡುವೆ ಜೋತು ಬೀಳಬೇಕು. ಗಾಲಿಗಳನ್ನು ಪೆಟ್ಟಿಗೆಯ ಆಚೆಗೆ, ಮುಂದೆ ಎರಡು ಹಿಂದೆ ಎರಡು, ಮೇಲೆ ಎತ್ತಿದ ಅಡ್ಡಪಟ್ಟಿಗೆ ಕಟ್ಟು. ಉದ್ದ ಪಟ್ಟಿಗಳು ಕೆಳಗೆ ನೆಲದ ಹತ್ತಿರ ಓಡಲಿ. ಆಗ ಗಾಲಿ 6 ಇಂಚಾದರೂ 8 ಇಂಚಾದರೂ ಪೆಟ್ಟಿಗೆಯ ಎತ್ತರ ಬದಲಾಗುವುದಿಲ್ಲ. ಪಕ್ಕಕ್ಕೆ ಮಾತ್ರ ಗಾಲಿ ಚಾಚಬೇಡ, ಅಲ್ಲಿ ಜಾಕಿ ಕಾಲುಗಳಿವೆ.

ಆದರೆ ಹೀಗೆ ಮಾಡಿದರೆ ಗಾಲಿಯಿಂದ ಗಾಲಿಗೆ 3 ಮೀಟರ್ ಆಗುತ್ತದೆ. ಅಷ್ಟು ಉದ್ದಕ್ಕೆ 50 ಎಂಎಂ ಪೈಪು ಹಾಕಿದರೆ ನಡುವೆ ಒಂದು ಇಂಚು ಬಾಗುತ್ತದೆ. ಮುರಿಯುವುದಿಲ್ಲ, ಆದರೆ ಹೊಟ್ಟೆ ನೆಲಕ್ಕೆ ತಾಗುತ್ತದೆ. 75 ಎಂಎಂ ಸಿ ಚಾನೆಲ್ (ಇಂಗ್ಲಿಷ್ C ಆಕಾರದ ಕಬ್ಬಿಣದ ಪಟ್ಟಿ) ಹಾಕು. ಮೀಟರಿಗೆ 7 ಕೆಜಿ ಬರುತ್ತದೆ, ಬಾಗುವುದು 6-7 ಎಂಎಂ ಅಷ್ಟೆ. ಅಡ್ಡಪಟ್ಟಿಗಳಿಗೆ ನಿನ್ನ 50 ಪೈಪು ಧಾರಾಳ ಸಾಕು.

10 ಗೇಜ್ (ದಾವಣಗೆರೆ)

ಜೋತು ಬಿಡುವ ಐಡಿಯಾ ಚೆನ್ನಾಗಿದೆ ತಾತ, ನಿಮ್ಮ ಮಾತೇ ಸರಿ. ಹಾಗಾದರೆ ನನ್ನ ಕಡೆಯಿಂದ ಕೆಲವು ಮಾತು.

ಗಾಲಿಯ ಪ್ಲೇಟನ್ನು ಚೌಕಟ್ಟಿಗೆ ವೆಲ್ಡ್ ಮಾಡಿಸಬೇಡಿ. ಮೇಲಿನ ಸತುವಿನ ಲೇಪ ಸುಟ್ಟು ಹೊಗೆ ಬರುತ್ತದೆ, ಅದು ಎದೆಗೆ ಕೆಟ್ಟದ್ದು. ಬಿಸಿಗೆ ಒಳಗಿನ ಬೇರಿಂಗ್ ಬಾಲ್ಸ್‌ಗೆ ಹಾಕಿದ ಗ್ರೀಸೂ ಕರಗಿ ಹೋಗುತ್ತದೆ. 8 ಎಂಎಂ ಪ್ಲೇಟು ವೆಲ್ಡ್ ಮಾಡಿ, ಅದಕ್ಕೆ ಗಾಲಿಯನ್ನು 12 ಎಂಎಂ ಬೋಲ್ಟಿನಲ್ಲಿ ಕಟ್ಟಿ. ನಾಳೆ ಗಾಲಿ ಹಾಳಾದರೆ ಬಿಚ್ಚಿ ಬೇರೆ ಹಾಕಬಹುದು. ತಿರುಗುವ ಗಾಲಿ ತನ್ನ ಸುತ್ತ ಒಂದು ದೊಡ್ಡ ವೃತ್ತ ಬರೆಯುತ್ತದೆ. 8 ಇಂಚಿನ ಗಾಲಿಗೆ ನಡುವಿನಿಂದ 16-17 ಸೆಂಟಿಮೀಟರ್ ಜಾಗ ಬಿಡಿ, ಇಲ್ಲದಿದ್ದರೆ ತಿರುಗುವಾಗ ಚಾನೆಲ್ಲಿಗೆ ಬಡಿಯುತ್ತದೆ.

ಚೌಕಟ್ಟು ಜೋಡಿಸುವಾಗ ಎಲ್ಲಾ ಮೂಲೆಗೂ ಮೊದಲು ಟ್ಯಾಕ್, ಅಂದರೆ ಚುಕ್ಕಿಯಷ್ಟು ವೆಲ್ಡ್ ಮಾತ್ರ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಬಂದ ಮೇಲೆ ಪೂರ್ತಿ ವೆಲ್ಡ್. ಅದೂ ಒಂದೇ ಕಡೆಯಿಂದ ಎಳೆದುಕೊಂಡು ಹೋಗದೆ ಎದುರುಬದುರು ಮೂಲೆ. ಕೆಲಸಗಾರರು ಅವಸರದಲ್ಲಿ ಇದನ್ನೇ ಬಿಡುತ್ತಾರೆ. ಪಕ್ಕದಲ್ಲೇ ನಿಂತಿರಿ.

ಗಾಲಿಯ ವಿಷಯದಲ್ಲಿ ನಾನು ನೈಲಾನ್ ಪರ. ಉರುಳುವುದು ಹಗುರ, ರೇಟು ಕಡಿಮೆ.

ಸಿವಿಲ್ ಅಕ್ಕ (ದಾವಣಗೆರೆ)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಗಾಲಿ ನೋಡುತ್ತಿದ್ದೀರಿ, ನೆಲವನ್ನು ಯಾರೂ ನೋಡಲಿಲ್ಲ. ಈ ಟ್ರಾಲಿ ಓಡುವುದೋ ಬಿಡುವುದೋ ನೆಲ ತೀರ್ಮಾನ ಮಾಡುತ್ತದೆ.

ನೈಲಾನ್ ಗಾಲಿ ಗಟ್ಟಿ. 200 ಕೆಜಿ ಭಾರವನ್ನು ಉಗುರಿನಗಲ ಜಾಗದ ಮೇಲೆ ಹಾಕುತ್ತದೆ. ಶಹಾಬಾದ್ ಕಲ್ಲಿನ ಕೆಳಗೆ ಗಾರೆ ಸರಿಯಾಗಿ ತುಂಬದೆ ಇದ್ದರೆ ಟಕ್ ಅಂತ ಸೀಳುತ್ತದೆ. ಒಂದು ಸಣ್ಣ ಸುತ್ತಿಗೆ ತಗೊಂಡು ಟ್ರಾಲಿ ಓಡುವ ದಾರಿಯ ಒಂದೊಂದು ಕಲ್ಲಿಗೂ ತಟ್ಟುತ್ತಾ ಹೋಗಿ. ತುಂಬಿದ ಕಲ್ಲು ಮಂದವಾಗಿ ಸದ್ದು ಮಾಡುತ್ತದೆ. ಟೊಳ್ಳಾದದ್ದು ಡಬ್ ಡಬ್ ಅನ್ನುತ್ತದೆ, ಗೊತ್ತಾಗದೆ ಇರುವುದಿಲ್ಲ. ಟೊಳ್ಳು ಕಲ್ಲು ಎಬ್ಬಿಸಿ ಮತ್ತೆ ಕೂರಿಸಿ. ಗಾಲಿ ಪಿಯು (ಪಾಲಿಯುರೆಥೇನ್) ತಗೊಳ್ಳಿ. ಮೆತ್ತಗಿರುವುದರಿಂದ ಭಾರ ಹರಡುತ್ತದೆ, ಕಲ್ಲಿಗೆ ಗೀರು ಬೀಳುವುದಿಲ್ಲ.

ಇನ್ನು ಸಂದುಗಳು. ನುಣುಪು ನೆಲದ ಮೇಲೆ 700 ಕೆಜಿ ಟ್ರಾಲಿಯನ್ನು ಉರುಳಿಸುತ್ತಾ ಇರಲು 14-15 ಕೆಜಿ ತಳ್ಳಿದರೆ ಸಾಕು. ಶುರುವಿನಲ್ಲಿ ಅದರ ಎರಡರಷ್ಟು. ಇಬ್ಬರಿಗೆ ಏನೂ ಅಲ್ಲ. ಆದರೆ ಒಂದು ಕಲ್ಲು ಪಕ್ಕದ ಕಲ್ಲಿಗಿಂತ 10 ಎಂಎಂ ಮೇಲೆದ್ದಿದೆ ಅಂದುಕೊಳ್ಳಿ. ಮುಂದಿನ ಎರಡೂ ಗಾಲಿ ಒಟ್ಟಿಗೆ ಅದಕ್ಕೆ ತಾಗಿದರೆ, 6 ಇಂಚಿನ ಗಾಲಿ ಹತ್ತಿಸಲು 200 ಕೆಜಿ ಬಲ ಬೇಕು. 8 ಇಂಚಿನದಾದರೆ 170ರ ಹತ್ತಿರ. ದೊಡ್ಡ ಗಾಲಿಯಿಂದ ಉಳಿದದ್ದು ಅಷ್ಟೇ. ಅದೇ ಒಂದು ಬಾಂಡ್ಲಿ ಗಾರೆ ಕಲಸಿ ಆ ಮೆಟ್ಟಿಲನ್ನು ಅಂಗೈ ಅಗಲ ಇಳಿಜಾರು ಮಾಡಿದರೆ ಒದ್ದಾಟವೇ ಇಲ್ಲ. ದುಡ್ಡು ನೆಲಕ್ಕೆ ಹಾಕಿ, ಗಾಲಿಗೆ ಅಲ್ಲ.

ನಿಮ್ಮ ಮನೆ ಇರುವುದು ಎರೆ ಮಣ್ಣಿನ ಮೇಲಾ? ದಾವಣಗೆರೆಯ ಎಷ್ಟೋ ಬಡಾವಣೆ ಎರೆ ಹೊಲಗಳ ಮೇಲೇ ಎದ್ದಿವೆ. ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು ಅದು. ಶೆಡ್ಡಿಗೆ ಪಾಯ ಇರುತ್ತದೆ, ಅಂಗಳದ ಕಾಂಕ್ರೀಟಿಗೆ ಇರುವುದಿಲ್ಲ. ಹಾಗಾಗಿ ಎರಡೂ ಸೇರುವ ಗೆರೆಯಲ್ಲಿ ಮೆಟ್ಟಿಲು ಏಳುತ್ತಲೇ ಇರುತ್ತದೆ. ಆ ಜಾಗಕ್ಕೆ ಗಾರೆ ಬೇಡ, ಬಿಚ್ಚಿಡಬಹುದಾದ ಕಬ್ಬಿಣದ ತಗಡಿನ ರ‍್ಯಾಂಪ್ ಮಾಡಿಸಿ. 2 ಇಂಚು ಏರಲು 2 ಅಡಿ ಉದ್ದ ಸಾಕು. ಒಂದು ಸಲಕ್ಕೆ ಎರಡು ಗಾಲಿ ಮಾತ್ರ ಏರುವುದರಿಂದ 45 ಕೆಜಿ ತಳ್ಳಿದರೆ ಹತ್ತುತ್ತದೆ. ಚೌಕಟ್ಟಿನ ಹೊಟ್ಟೆ ನೆಲದಿಂದ 2 ಇಂಚಿಗಿಂತ ಜಾಸ್ತಿ ಮೇಲಿರಲಿ, ಇಲ್ಲದಿದ್ದರೆ ಹೊಸಿಲ ಮೇಲೆ ಕೂತುಬಿಡುತ್ತದೆ. ನಾನಾದರೆ 75 ಎಂಎಂ ಬಿಡುತ್ತೇನೆ.

ಬೆಣ್ಣೆ ಖಾಲಿ (ದಾವಣಗೆರೆ)

ಅಕ್ಕ, ನಮ್ಮ ಬೀದಿ ರಸ್ತೆಗೂ ಸ್ವಲ್ಪ ಸುತ್ತಿಗೆ ತಟ್ಟಿ ನೋಡ್ತೀರಾ? ಇಡೀ ರಸ್ತೆ ಡಬ್ ಡಬ್ ಅನ್ನುತ್ತೆ.

ನರ್ಸರಿ ಪಿಕಪ್ (ದಾವಣಗೆರೆ)

ಎರೆ ಮಣ್ಣೇ ಅಕ್ಕ. ಸುತ್ತಿಗೆ ತಟ್ಟಿ ಬಂದೆ. ಶಟರ್ ಹತ್ತಿರದ ಸಾಲಿನಲ್ಲಿ ಮೂರು ಕಲ್ಲು ಟೊಳ್ಳು.

75 ಎಂಎಂ ಹೊಟ್ಟೆ, 75 ಚಾನೆಲ್, ಮೇಲೆ ಏನಾದರೂ ಮ್ಯಾಟು. ಒಟ್ಟು 6½ ಇಂಚು. ಪೆಟ್ಟಿಗೆ ಸೇರಿ 6 ಅಡಿ 10½. ಶಟರಿಗೆ ಒಂದೂವರೆ ಇಂಚು ಬಿಡುವು. ಸಾಕಾ?

ಇನ್ನೊಂದು: ನಾಲ್ಕೂ ಗಾಲಿ ತಿರುಗುವಂಥವು ಹಾಕಲೋ, ಎರಡು ನೇರ ಎರಡು ತಿರುಗುವಂಥವು ಹಾಕಲೋ?

10 ಗೇಜ್ (ದಾವಣಗೆರೆ)

ಬಿಡುವು ಸಾಕು. ಶಟರ್ ಪೂರ್ತಿ ಸುತ್ತಿಕೊಂಡಾಗಲೂ ಕೆಳಗಿನ ಪಟ್ಟಿ ಎಷ್ಟು ಜೋತಿರುತ್ತದೆ ಅಂತ ನೋಡಿಕೊಳ್ಳಿ. ಬೀಗದ ಕೊಂಡಿಯೂ ಅಲ್ಲೇ ಇರುತ್ತದೆ. 7 ಅಡಿ ಅಂದರೆ ಲಿಂಟಲ್ ತನಕವೋ ಪಟ್ಟಿ ತನಕವೋ?

ಗಾಲಿಯಲ್ಲಿ ಎರಡು ನೇರ, ಎರಡು ತಿರುಗುವುದು. ನಾಲ್ಕೂ ತಿರುಗಿದರೆ ಇಳಿಜಾರಿನಲ್ಲಿ ಟ್ರಾಲಿ ತನಗೆ ಬೇಕಾದ ಕಡೆ ಹೋಗುತ್ತದೆ.

ಡೆನ್ವರ್ ದಾವಣಗೆರೆ (ಅಮೆರಿಕ)

ನಾನು ನಾಲ್ಕೂ ತಿರುಗುವುದೇ ಹಾಕಿದ್ದೇನೆ. ಗೋಡೆ ಪಕ್ಕಕ್ಕೆ ಅಡ್ಡಡ್ಡ ಸರಿಸಲು ಅದರಷ್ಟು ಸುಲಭ ಬೇರೆ ಇಲ್ಲ. ಆದರೆ ನನ್ನ ನೆಲ ಮಟ್ಟ, ಅದೂ ನಿಜ.

ಲೇತ್ ತಾತ (ಹರಿಹರ)

ಇಬ್ಬರದೂ ಸರಿ. ನಾಲ್ಕೂ ತಿರುಗುವುದು ತಗೋ, ಆದರೆ ಎರಡಕ್ಕೆ ದಿಕ್ಕು ಬೀಗ ಇರಲಿ. ಪಿನ್ನು ಒಳಗೆ ಹೋದರೆ ಗಾಲಿ ನೇರ ನಿಲ್ಲುತ್ತದೆ, ಎಳೆದರೆ ತಿರುಗುತ್ತದೆ. ಅಂಗಡಿಯಲ್ಲಿ ಸಿಗದಿದ್ದರೆ ಚೌಕಟ್ಟಿನಿಂದ ಒಂದು ತುಂಡು ಪಟ್ಟಿ ಇಳಿಸಿ, ಗಾಲಿಯ ಕವೆಯ ಎರಡೂ ಪಕ್ಕ ಹಿಡಿಯುವ ಹಾಗೆ ಕೊಕ್ಕೆ ಮಾಡು. ಅಂಗಳದಲ್ಲಿ ಬೀಗ ಹಾಕಿ ನೇರ ತಳ್ಳು. ಶೆಡ್ ಒಳಗೆ ಹೋದ ಮೇಲೆ ಬೀಗ ತೆಗೆದು ಪಕ್ಕಕ್ಕೆ ಸರಿಸು.

ತಳ್ಳುವಾಗ ಪೆಟ್ಟಿಗೆಯ ಎದೆಗೆ ಕೈ ಹಾಕಬೇಡ. ಗಾಲಿ ಎಲ್ಲಾದರೂ ಸಂದಿಗೆ ಸಿಕ್ಕಿ ತಟ್ಟನೆ ನಿಂತರೆ ಮೇಲಿನ ಭಾಗ ಮುಂದೆ ವಾಲುತ್ತದೆ. ಚೌಕಟ್ಟಿಗೇ ಒಂದು ಬಿಚ್ಚುವ ಹಿಡಿ ಮಾಡಿಸು, ಮೊಣಕಾಲಿನ ಎತ್ತರಕ್ಕೆ. ಇಳಿಜಾರಿನಲ್ಲಿ ಒಬ್ಬ ಮೇಲುಗಡೆ ಹಗ್ಗ ಹಿಡಿದಿರಬೇಕು. ನಿನ್ನ ಅಂಗಳ 50ಕ್ಕೆ 1 ಇಳಿದರೂ 14 ಕೆಜಿ ಸದಾ ಕೆಳಗೆ ಎಳೆಯುತ್ತಿರುತ್ತದೆ. ಒಮ್ಮೆ ವೇಗ ಹಿಡಿದರೆ ಕಾಲಿನಿಂದ ತಡೆಯುವ ಸಾಹಸ ಬೇಡ. ಕೆಳಗಡೆ ಯಾರೂ ನಿಲ್ಲಬಾರದು, ಮಕ್ಕಳಂತೂ ಅಂಗಳದಲ್ಲೇ ಇರಬಾರದು.

ಏಳು ಸುತ್ತು (ಚಿತ್ರದುರ್ಗ)

ಶೆಡ್ ಇರುವವರು ಅದೃಷ್ಟವಂತರು. ನನ್ನ ಪೆಟ್ಟಿಗೆ ಹೊಲದ ಮನೆಯ ಬಯಲಿನಲ್ಲಿ ನಿಲ್ಲುತ್ತದೆ, ಎದುರಿಗೆ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು. ಅವು ಅಲ್ಲಿ ಸುಮ್ನೆ ನಿಂತಿಲ್ಲ. ಮುಂಗಾರು ಶುರುವಾದರೆ ನಮ್ಮ ಕಡೆ ಗಾಳಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಹಾಗಾಗಿ ನನ್ನ ತಲೆಬಿಸಿಯೇ ಬೇರೆ. ಲೆಕ್ಕ ಹಾಕಿಟ್ಟಿದ್ದೇನೆ, ಬೇಕಾದವರು ನೋಡಿ.

ಈ ಅಳತೆಯ ಪೆಟ್ಟಿಗೆಯ ಪಕ್ಕದ ಗೋಡೆ 5 ಚದರ ಮೀಟರ್. ಗಾಳಿಯ ಒತ್ತಡ ಅದರ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ: ಸೆಕೆಂಡಿಗೆ ಎಷ್ಟು ಮೀಟರ್ ಅಂತ ತಗೊಂಡು, ವರ್ಗ ಮಾಡಿ, 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ ಸಿಗುತ್ತದೆ. ಗಂಟೆಗೆ 100 ಕಿ.ಮೀ. ಗಾಳಿಗೆ ಇದು ಚದರ ಮೀಟರಿಗೆ 47 ಕೆಜಿ ಭಾರದಷ್ಟು. ಚಪ್ಪಟೆ ಗೋಡೆಗೆ ಕಾಲು ಭಾಗ ಜಾಸ್ತಿ ಸೇರಿಸಿದರೆ ಇಡೀ ಗೋಡೆಗೆ 290 ಕೆಜಿ.

ಪೆಟ್ಟಿಗೆಯನ್ನು ಪಿಕಪ್ ಎತ್ತರದಲ್ಲೇ ಜಾಕಿ ಕಾಲಿನ ಮೇಲೆ ಬಿಟ್ಟಿದ್ದರೆ ಗಾಳಿ ಹೊಡೆಯುವ ನಡು ನೆಲದಿಂದ 1.9 ಮೀಟರ್. 290ನ್ನು 1.9ರಿಂದ ಗುಣಿಸಿದರೆ ಬೀಳಿಸುವ ಬಲ 550. ತಡೆಯುವುದು ಪೆಟ್ಟಿಗೆಯ 520 ಕೆಜಿ, ಕಾಲುಗಳ ಅರ್ಧ ಅಗಲ 1.05 ಮೀಟರ್, ಅಂದರೆ 546. ಬಿತ್ತು ಅಂತಲೇ ಲೆಕ್ಕ. ಅದಕ್ಕೂ ಮೊದಲೇ ತೆಳ್ಳನೆಯ ಜಾಕಿ ಕಾಲು ಬಾಗಿರುತ್ತದೆ. ತಗ್ಗಿನ ಟ್ರಾಲಿ ಮೇಲೆ ಇಟ್ಟರೆ ನಡು 1.1 ಮೀಟರಿಗೆ ಇಳಿಯುತ್ತದೆ. ಬೀಳಿಸುವುದು 320, ತಡೆಯುವುದು ಟ್ರಾಲಿ ತೂಕ ಸೇರಿ 640 ಕೆಜಿ, ಗಾಲಿಗಳ ಅರ್ಧ ಅಗಲ 0.7 ಮೀಟರ್, ಅಂದರೆ 448. ಬೀಳುವುದಿಲ್ಲ.

ಆದರೆ ಗಾಲಿ ಮೇಲಿರುವ ವಸ್ತು ಬೀಳುವುದಕ್ಕಿಂತ ಮೊದಲು ಓಡುತ್ತದೆ. ಗಾಲಿಯ ಬ್ರೇಕಿನ ಮೇಲೆ ನಂಬಿಕೆ ಬೇಡ. ನಾನು ನಾಲ್ಕು ಮೂಲೆಗೂ ದಪ್ಪ ಬೋಲ್ಟು ಇಳಿಸಿದ್ದೇನೆ, ತುದಿಗೆ ಅಂಗೈ ಅಗಲದ ಪ್ಲೇಟು. ಪಾನಾ ಹಾಕಿ ತಿರುಗಿಸಿದರೆ ಟ್ರಾಲಿ ಅರ್ಧ ಇಂಚು ಮೇಲೆದ್ದು ಗಾಲಿಗಳು ನೆಲ ಬಿಡುತ್ತವೆ. ಮೂಲೆಗೊಂದು ಕಬ್ಬಿಣದ ಬಳೆ ಹಾಕಿ ಕಾಂಕ್ರೀಟಿನಲ್ಲಿ ಹೂತ ಕೊಂಡಿಗೆ ಲಾರಿ ಬೆಲ್ಟಿನಿಂದ ಬಿಗಿಯುತ್ತೇನೆ.

ಲೇತ್ ತಾತ (ಹರಿಹರ)

ಆ ಬೋಲ್ಟಿನ ಕಾಲು ಶೆಡ್ ಒಳಗೂ ಬೇಕು ತಮ್ಮಾ. ಪಿಯು ಗಾಲಿ ತಿಂಗಳುಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತರೆ ಅಲ್ಲೇ ಚಪ್ಪಟೆಯಾಗುತ್ತದೆ. ಆಮೇಲೆ ಉರುಳಿಸಿದರೆ ಕುಣಿಯುತ್ತದೆ. ಮೂರು ಕಾಲು ಮೊದಲು ಬಿಗಿ, ನಾಲ್ಕನೆಯದು ತಾಗುವಷ್ಟೇ.

ಹೈವೇ ಹೋಟೆಲ್ (ಹಿರಿಯೂರು)

ನನ್ನದು ಬೇರೆ ಪ್ರಶ್ನೆ. ಹೀಗೆ ಪೆಟ್ಟಿಗೆ ಕೂರಿಸಿಕೊಂಡು ಹೋದರೆ ಆರ್‌ಟಿಒ ಹಿಡಿಯುವುದಿಲ್ಲವಾ?

ಏಳು ಸುತ್ತು (ಚಿತ್ರದುರ್ಗ)

ಗಾಡಿಯ ಬಾಡಿಯನ್ನೇ ಕತ್ತರಿಸಿ ಮನೆ ಕಟ್ಟಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬರುತ್ತದೆ, ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ಹೊಂದಬೇಕು. ಬಿಚ್ಚಿ ಇಳಿಸುವ ಪೆಟ್ಟಿಗೆಯನ್ನು ನಾನು ಸಾಮಾನಿನ ಲೆಕ್ಕದಲ್ಲೇ ಕಟ್ಟಿಕೊಂಡು ಹೋಗುತ್ತೇನೆ. ತೂಕ ಆರ್‌ಸಿ ಮಿತಿಯೊಳಗಿದೆ, ಉದ್ದ ಅಗಲ ಬಾಡಿಯಿಂದ ಆಚೆ ಹೋಗಿಲ್ಲ. ಹೊರಡುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿಬಿಡಿ. ಗಾಡಿ ಓಡುವಾಗ ಮಾತ್ರ ಒಳಗೆ ಯಾರನ್ನೂ ಕೂರಿಸಬೇಡಿ. ಅದು ಕಾನೂನೂ ಹೌದು, ಬುದ್ಧಿಯೂ ಹೌದು.

ನರ್ಸರಿ ಪಿಕಪ್ (ದಾವಣಗೆರೆ)

ಟ್ರಾಲಿ ಆಯಿತು! ಮೊದಲು ಪೆಟ್ಟಿಗೆ ಒಳಗೆ ಹೋಯಿತು ಅನ್ನುವ ಸುದ್ದಿ, ಆಮೇಲೆ ವಿವರ.

75 ಚಾನೆಲ್ ಎರಡು ಉದ್ದಕ್ಕೆ, 50 ಪೈಪು ನಾಲ್ಕು ಅಡ್ಡಕ್ಕೆ. ಪೆಟ್ಟಿಗೆಯ ತಳದಲ್ಲಿ ಎಲ್ಲೆಲ್ಲಿ ಪೈಪಿನ ಪಟ್ಟಿಗಳಿವೆಯೋ ಅವುಗಳ ಕೆಳಗೇ ಟ್ರಾಲಿಯ ಅಡ್ಡಪಟ್ಟಿ ಬರುವ ಹಾಗೆ ಗುರುತು ಮಾಡಿಕೊಂಡೆ. ಮೇಲೆ ಪೂರ್ತಿ ಹಲಗೆ ಹಾಕಲೇ ಇಲ್ಲ. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಒಂದು ತಂದು ಪಟ್ಟಿ ಪಟ್ಟಿಯಾಗಿ ಕೊಯ್ದು ಅಡ್ಡಪಟ್ಟಿಗಳ ಮೇಲೆ ಅಂಟಿಸಿದೆ. ಪೆಟ್ಟಿಗೆ ಕೂತರೆ ಒಂದು ಎಳೆಯಷ್ಟೂ ಜಾರುವುದಿಲ್ಲ. ಉಳಿದ ತುಂಡು ನಮ್ಮ ಗೌರಿ ಹಸುವಿಗೇ ಹೋಯಿತು.

ಗಾಲಿ 8 ಇಂಚಿನ ಪಿಯು, 300 ಕೆಜಿಯದ್ದು. ದಿಕ್ಕು ಬೀಗದ ಗಾಲಿ ಇಲ್ಲಿ ಸಿಗಲಿಲ್ಲ, ತಾತ ಹೇಳಿದ ಕೊಕ್ಕೆಯನ್ನೇ ಮಾಡಿಸಿದೆ. ಬೋಲ್ಟಿನ ಕಾಲು ನಾಲ್ಕು. ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಟ್ರ್ಯಾಕ್ಟರಿನ ನೀಲಿ ಬಣ್ಣ, ಮನೆಯಲ್ಲಿ ಉಳಿದಿದ್ದು ಅದೇ. ಕೂಲಿ, ಗಾಲಿ, ಕಬ್ಬಿಣ, ಮ್ಯಾಟು ಎಲ್ಲಾ ಸೇರಿ 16 ಸಾವಿರದ ಆಸುಪಾಸು. 10 ಗೇಜ್ ಕೇಳಿದ್ದು ಒಳ್ಳೆಯದಾಯಿತು. ಶಟರಿನ ಕೆಳಪಟ್ಟಿ ಲಿಂಟಲ್‌ನಿಂದ ಮುಕ್ಕಾಲು ಇಂಚು ಕೆಳಗೆ ಜೋತಿತ್ತು. ಬಿಡುವು ಮುಕ್ಕಾಲು ಇಂಚೇ ಉಳಿಯಿತು. ಪೆಟ್ಟಿಗೆಯ ಮೇಲಿನ ಗಾಳಿ ಕಿಂಡಿಯ ಮುಚ್ಚಳ ಬಿಚ್ಚಿಯೇ ಒಳಗೆ ತಳ್ಳಬೇಕು.

ಇಳಿಸುವ ಕೆಲಸ ಹೀಗೆ ಮಾಡುತ್ತೇವೆ. ಜಾಕಿ ಕಾಲಿನ ಕೆಳಗೆ ಒಂದೊಂದು ಮರದ ಹಲಗೆ. ಮುಂದಿನ ಎರಡು ಜಾಕಿ ನಾಲ್ಕು ಸುತ್ತು, ಆಮೇಲೆ ಹಿಂದಿನ ಎರಡು ನಾಲ್ಕು ಸುತ್ತು. ರಸಮಟ್ಟವನ್ನು ಪೆಟ್ಟಿಗೆಯ ಬಾಗಿಲ ಹೊಸಿಲ ಮೇಲೆ ಇಟ್ಟಿರುತ್ತೇನೆ, ಗುಳ್ಳೆ ಗೆರೆ ದಾಟಿದರೆ ಆ ಕಡೆಯವರು ನಿಲ್ಲಿಸಬೇಕು. ಬಾಡಿಯಿಂದ ಎರಡು ಇಂಚು ಮೇಲೆ ಎದ್ದ ಮೇಲೆ ಪಿಕಪ್ ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದೆ. ನನ್ನ ಹೆಂಡತಿ ಹಿಂದೆ ನಿಂತು ಎರಡೂ ಪಕ್ಕ ನೋಡುತ್ತಾಳೆ, ಅವಳು ಹಾಂ ಅನ್ನದೆ ಗಾಡಿ ಅಲ್ಲಾಡುವುದಿಲ್ಲ. ಆಮೇಲೆ ಟ್ರಾಲಿ ಕೆಳಗೆ ತಳ್ಳಿ, ಬಣ್ಣದ ಗೆರೆಗೆ ಗೆರೆ ಕೂರಿಸಿ, ಅದೇ ನಾಲ್ಕು ನಾಲ್ಕು ಸುತ್ತಿನ ಲೆಕ್ಕದಲ್ಲಿ ಇಳಿಸುವುದು. ಪೆಟ್ಟಿಗೆ ಎತ್ತರದಲ್ಲಿರುವಾಗ ಯಾರೂ ಅದರ ಅಡಿಗೆ ಹೋಗುವುದಿಲ್ಲ. ಟ್ರಾಲಿಯನ್ನು ಸರಿಯಾಗಿ ಕೂರಿಸಲು ಉದ್ದ ಬಿದಿರಿನ ಗಳ ಇಟ್ಟಿದ್ದೇನೆ.

ಶೆಡ್ಡಿಗೆ ತಳ್ಳುವ ಮೊದಲು ನೀರು ಖಾಲಿ, ಗ್ಯಾಸ್ ಸಿಲಿಂಡರ್ ಹೊರಗೆ.

ಸಿವಿಲ್ ಅಕ್ಕ (ದಾವಣಗೆರೆ)

ರ‍್ಯಾಂಪ್ ಹೇಗಾಯಿತು? ಹೊಟ್ಟೆ ತಾಗಿತಾ?

ನರ್ಸರಿ ಪಿಕಪ್ (ದಾವಣಗೆರೆ)

ಇಲ್ಲ ಅಕ್ಕ, ಒಂದು ಬೆರಳು ಆಡುವಷ್ಟು ಜಾಗ ಇತ್ತು. ಮುಂದಿನ ಗಾಲಿ ಏರುವಾಗ ತಗಡು ಹಿಂದೆ ಜಾರಲು ನೋಡಿತು. ಅದಕ್ಕೆ ಅಡಿಯಲ್ಲಿ ಒಂದು ಆಂಗಲ್ ತುಂಡು ವೆಲ್ಡ್ ಮಾಡಿಸಿ ಹೊಸಿಲಿನ ಸಂದಿಗೆ ಸಿಕ್ಕಿಸಿದ್ದೇನೆ. ಈಗ ಕದಲುವುದಿಲ್ಲ. ಟೊಳ್ಳು ಕಲ್ಲು ಮೂರೂ ಎಬ್ಬಿಸಿ ಕೂರಿಸಿಯಾಯಿತು.

ಸಿವಿಲ್ ಅಕ್ಕ (ದಾವಣಗೆರೆ)

ಮಳೆಗಾಲ ಕಳೆದ ಮೇಲೆ ಹೊಸಿಲಿನ ಎತ್ತರ ಮತ್ತೆ ಅಳೆಯಿರಿ. ಅಂಗಳ ಉಬ್ಬಿದ್ದರೆ ಒಳ್ಳೆಯದೇ, ಮೆಟ್ಟಿಲು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿದಾಗ ಎಚ್ಚರ. ನಿಮ್ಮ ಒಂದು ಬೆರಳಿನ ಜಾಗ ಆಗ ಹೋಗುತ್ತದೆ.

ಮಂಡಕ್ಕಿ ಭಟ್ಟಿ (ದಾವಣಗೆರೆ)

ಅಣ್ಣಾ, ನಿಮ್ಮ ಟ್ರಾಲಿ ಒಂದು ದಿನಕ್ಕೆ ಕೊಡ್ತೀರಾ? ನಮ್ಮ ಹಿಟ್ಟಿನ ಗಿರಣಿ ಮೋಟಾರ್ ಸಮೇತ ಪಕ್ಕದ ಮಳಿಗೆಗೆ ಸಾಗಿಸಬೇಕು. ಒಟ್ಟು 400 ಕೆಜಿ ಇರಬಹುದು.

ನರ್ಸರಿ ಪಿಕಪ್ (ದಾವಣಗೆರೆ)

ತಗೊಂಡು ಹೋಗಿ ಅಣ್ಣಾ, ಬಾಡಿಗೆ ಬೇಡ. ಆದರೆ ತಾತನನ್ನು ಕೇಳಿ.

ಲೇತ್ ತಾತ (ಹರಿಹರ)

ಬೇಡ ಅನ್ನುವುದಿಲ್ಲ. ಆದರೆ ಕ್ಯಾಂಪರ್ ಭಾರ ನಾಲ್ಕೂ ಅಡ್ಡಪಟ್ಟಿಗೆ ಹಂಚಿ ಹೋಗುತ್ತದೆ, ಗಿರಣಿ ಭಾರ ಎರಡು ಅಡಿ ಜಾಗದಲ್ಲಿ ನಿಲ್ಲುತ್ತದೆ. ನಡುವಿನ ಒಂದು ಪೈಪಿನ ಮೇಲೆ ಇಟ್ಟರೆ ಅದು ಬಾಗುತ್ತದೆ. ಉದ್ದ ಚಾನೆಲ್ಲಿನಿಂದ ಚಾನೆಲ್ಲಿಗೆ ಸೇರುವ ಹಾಗೆ ಎರಡು ದಪ್ಪ ತೊಲೆ ಅಡ್ಡ ಹಾಕಿ, ಅದರ ಮೇಲೆ ಇಡಿ. ಮೋಟಾರ್ ಬಿಚ್ಚಿ ಬೇರೆ ಸಾಗಿಸಿ. ಗಿರಣಿಯ ತಲೆ ಭಾರ, ಹಗ್ಗ ಕಟ್ಟದೆ ಒಂದು ಅಡಿಯೂ ಉರುಳಿಸಬೇಡಿ. ದಾರಿ ಹೇಗಿದೆ?

ಮಂಡಕ್ಕಿ ಭಟ್ಟಿ (ದಾವಣಗೆರೆ)

ನಡುವೆ ಒಂದು ಚರಂಡಿ ಕಲ್ಲು ಇದೆ ತಾತ. ಮೊದಲು ಸುತ್ತಿಗೆ ತಟ್ಟಿ ನೋಡಿ ಹೇಳುತ್ತೇನೆ.